ಹಸುವಿನ ಕಿವಿಯ ಓಲೆ

ನಮ್ಮ ಸೊಸೆ ಹಾಲು ಕರೆಯುತ್ತಾ ಕೂತಲ್ಲೇ ಬಿದ್ದದ್ದು ತಲೆಸುತ್ತಿನಿಂದ ಅಂತ ಊರಿನವರು ಹೇಳುತ್ತಾರೆ. ತಲೆಸುತ್ತಿನಿಂದಲ್ಲ, ನನ್ನಿಂದ. ಡೈರಿ ಮೀಟಿಂಗಿನಲ್ಲಿ ನಾನು ಎದ್ದು ನಿಂತು ಬಾಯಿ ಬಿಡದೇ ಇದ್ದಿದ್ದರೆ ಅವಳು ಅಷ್ಟು ಹೊತ್ತಿಗೆ ಆಪರೇಷನ್ ಮಾಡಿಸಿಕೊಂಡು, ಗುಣವಾಗಿ, ಮನೆಗೆ ಬಂದು ತಿಂಗಳುಗಳೇ ಆಗಿರುತ್ತಿದ್ದವು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ.

ನಮ್ಮದು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ಸ್ವಲ್ಪ ತೆಂಗು, ಎರಡು ಸೀಮೆ ಹಸು. ಮಗ ದಿನಾ ಬೈಕಿನಲ್ಲಿ ತುಮಕೂರಿನ ಹತ್ತಿರದ ಅಂತರಸನಹಳ್ಳಿಗೆ ಕೆಲಸಕ್ಕೆ ಹೋಗಿ ಬರುತ್ತಾನೆ. ಐದಾರು ಜನ ದುಡಿಯುವ ಒಂದು ಲೇತ್ ಶೆಡ್ಡಿನಲ್ಲಿ ಅವನ ಕೆಲಸ. ಪಕ್ಕದ ದೊಡ್ಡ ಫ್ಯಾಕ್ಟರಿಗಳಲ್ಲಿ ಸಂಬಳದಲ್ಲೇ ಇಷ್ಟು ಅಂತ ಹಿಡಿದು ಮನೆಯವರಿಗೆಲ್ಲ ಆಸ್ಪತ್ರೆ ತೋರಿಸುತ್ತಾರೆ. ಇವನ ಶೆಡ್ಡಿನಲ್ಲಿ ಹಿಡಿಯುವುದೂ ಇಲ್ಲ, ತೋರಿಸುವುದೂ ಇಲ್ಲ. ಹಸು ಮೈ ತೊಳೆಯುವುದರಿಂದ ಹಿಡಿದು ಎರಡು ಹೊತ್ತು ಡೈರಿಗೆ ಹಾಲು ಹಾಕುವವರೆಗೆ ಎಲ್ಲ ಸೊಸೆಯ ಕೆಲಸ. ಆದರೆ ಡೈರಿಗೆ ಮೆಂಬರು ನಾನು. ಪಾಸ್‌ಬುಕ್ಕು ನನ್ನ ಹೆಸರಿನಲ್ಲಿ. ಬಟವಾಡೆ, ಅಂದರೆ ಹಾಲಿನ ದುಡ್ಡು, ಬರುವುದೂ ನನಗೆ. ನಮ್ಮತ್ತೆ ಇದ್ದಾಗ ಅವರ ಹೆಸರಿನಲ್ಲಿತ್ತು, ಅವರು ಹೋದ ಮೇಲೆ ನನಗೆ ಬಂತು, ನಾನು ಹೋದ ಮೇಲೆ ಅವಳಿಗೆ ಹೋಗುತ್ತದೆ. ಇದರಲ್ಲಿ ಯೋಚನೆ ಮಾಡುವಂಥದ್ದು ಏನಾದರೂ ಇದೆ ಅಂತ ನನಗೆ ಅನಿಸಿರಲಿಲ್ಲ.

ಮೀಟಿಂಗು ನಡೆದದ್ದು ದಸರಾಕ್ಕೆ ಮೊದಲು. ಡೈರಿ ಮುಂದೆ ಶಾಮಿಯಾನ ಹಾಕಿ ಕುರ್ಚಿ ಜೋಡಿಸಿದ್ದರು. ಹೆಂಗಸರೆಲ್ಲ ಹಿಂದಿನ ಸಾಲು. ಸೆಕ್ರೆಟ್ರಿ ನಮ್ಮ ಊರವನೇ, ನಾನು ಎತ್ತಿ ಆಡಿಸಿದವನು. ಲೆಕ್ಕ ಓದಿ ಮುಗಿಸಿ ಕೊನೆಗೆ ಹೇಳಿದ:

"ಈ ಸಲ ಆರೋಗ್ಯ ಕಾರ್ಡಿನ ದುಡ್ಡ ಎಲ್ಲಾರ ಬಟವಾಡೆಲೂ ಹಿಡ್ಕೊಳಾಣ ಅಂತ ಕಮಿಟಿಲಿ ಮಾತಾಗೈತೆ. ಬೇಕಾ ಬೇಡ್ವಾ ಅಂತ ಮನೆಮನೆಗೆ ಬಂದು ಕೇಳೋದಿಲ್ಲ. ಕಡ್ಡಾಯ. ಮೆಂಬರ್ ಮನೇಲಿ ಯಾರ್ಗೆ ಆಪರೇಷನ್ ಅಂದ್ರೂ ಲಿಸ್ಟಲ್ಲಿರೋ ಆಸ್ಪತ್ರೆಲಿ ಕಾರ್ಡ್ ತೋರ್ಸಿದ್ರೆ ಆಯ್ತು."

ಕಡ್ಡಾಯ ಅನ್ನುವ ಮಾತು ಕೇಳಿದ ಕೂಡಲೇ ನನಗೆ ರೇಗಿತು. ಎದ್ದು ನಿಂತೆ.

"ಏನ್ಲಾ ಸೆಕ್ರೆಟ್ರಿ, ಹಸು ನಂದು, ಹಾಲು ನಂದು, ದುಡ್ಡ್ ಹಿಡಿಯೋನು ನೀನಾ? ಕಡ್ಡಾಯ ಅನ್ನೋಕೆ ನೀನೇನು ತಾಸೀಲ್ದಾರ್ನಾ?"

ಮುಂದಿನ ಸಾಲಿನ ಗಂಡಸರು ನಕ್ಕರು. ನಗು ಕೇಳಿ ನನಗೆ ಇನ್ನಷ್ಟು ಹುಮ್ಮಸ್ಸು ಬಂತು.

"ಬರ್ದೆ ಇರೋ ಕಾಯಿಲೆಗೆ ಈಗ್ಲೇ ಅಡ್ವಾನ್ಸ್ ಕೊಟ್ಟು ಕರ್ಕೊಂಬರ್ಬೇಕಾ?"

"ಹಂಗಲ್ಲ ಅಜ್ಜಿ," ಅಂದ ಅವನು. "ಹುಷಾರಾಗಿರೋರು ಬೇಡ ಅನ್ನೋದು, ಕಾಯಿಲೆ ಬಂದೋರು ಓಡಿಬಂದು ಕಟ್ತೀನಿ ಅನ್ನೋದು, ಹಿಂಗಾದ್ರೆ ಎಲ್ಲಿ ನಡೀತದೆ? ಎಲ್ಲಾರ್ದೂ ಬಿದ್ರೆ ತಾನೆ ಯಾರೋ ಒಬ್ರಿಗೆ ಆಗೋದು? ನಮ್ ಟ್ಯಾಂಕಿಗೆ ಎಲ್ಲಾರ್ ಹಾಲೂ ಬೀಳಲ್ವಾ?"

"ಬೀಳ್ತದೆ ಕಣಪ್ಪ. ನಾನು ಗಟ್ಟಿ ಹಾಲು ತಂದು ಹುಯ್ತೀನಿ, ಇನ್ನೊಬ್ಬ ನೀರು ಹುಯ್ತಾನೆ. ಅದನ್ನ ನೋಡ್ಕೊಂಡು ಸುಮ್ನಿರೋದೇ ಸಾಲ್ದಾ?"

ಈ ಸಲ ಹೆಂಗಸರೂ ನಕ್ಕರು. ಆಮೇಲೆ ನಾನು ಕುಣಿಗಲ್ಲಿನ ನನ್ನ ತಂಗಿಯ ಕಥೆ ತೆಗೆದೆ. ಅವಳ ಹತ್ತಿರ ಇಂಥದ್ದೇ ಕಾರ್ಡಿತ್ತು. ಮಂಡಿ ಆಪರೇಷನ್ನಿಗೆ ಅಂತ ಹೋದಾಗ ಲಿಸ್ಟಿನಲ್ಲಿ ಮಂಡಿ ಇಲ್ಲ ಅಂತ ವಾಪಸ್ ಕಳಿಸಿದ್ದರು.

"ಆ ಕಾರ್ಡಲ್ಲಿ ಈಗ ಏನ್ ಮಾಡ್ತವ್ಳೆ ಗೊತ್ತಾ? ರೊಟ್ಟಿ ಹಂಚು ಕೆರೀತವ್ಳೆ!"

ಶಾಮಿಯಾನವೇ ಹಾರಿಹೋಗುವಷ್ಟು ನಕ್ಕರು. ಸೆಕ್ರೆಟ್ರಿ ಮುಖ ಸಣ್ಣದು ಮಾಡಿಕೊಂಡು ಕೂತ. ಕಡ್ಡಾಯ ಬೇಡ, ಇಷ್ಟ ಇದ್ದವರು ಕಟ್ಟಲಿ ಅಂತ ಕೈ ಎತ್ತಿಸಿ ತೀರ್ಮಾನ ಮಾಡಿದರು. ಮಂಡಿಯ ಕಥೆ ನಿಜ. ಆದರೆ ಅದು ಅರ್ಧ ಕಥೆ. ಉಳಿದರ್ಧ ನನಗೆ ಗೊತ್ತಿತ್ತು, ಹೇಳಿದ್ದರೆ ಅವರು ನಗುತ್ತಿರಲಿಲ್ಲ, ಅದಕ್ಕೇ ಹೇಳಲಿಲ್ಲ. ಅದೇನು ಅನ್ನುವುದನ್ನು ಮುಂದೆ ಹೇಳುತ್ತೇನೆ.

ನಾಲ್ಕು ದಿನ ಬಿಟ್ಟು ಸೆಕ್ರೆಟ್ರಿ ರಸೀದಿ ಪುಸ್ತಕ ಹಿಡಿದು ನಮ್ಮ ಮನೆ ಬಾಗಿಲಿಗೂ ಬಂದ. "ಬರ್ಕೊಳ್ಲಾ ಅಜ್ಜಿ, ಮನಸ್ಸು ಬದಲಾಯ್ತಾ?" ಅಂದ. "ಹೋಗ್ಲಾ, ಬೇರೆ ಮನೆ ನೋಡು" ಅಂದೆ. ಸೊಸೆ ಹಾಲಿನ ಕ್ಯಾನು ತೊಳೆದು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಅವನು ಗೇಟು ದಾಟುವ ತನಕ ನೋಡಿದಳು. ಆಮೇಲೆ ತೊಳೆದಿದ್ದ ಕ್ಯಾನನ್ನೇ ಮತ್ತೊಂದು ಸಲ ತೊಳೆಯೋಕೆ ಕೂತಳು. ನಾನು "ನೀರು ಪೋಲು ಮಾಡ್ಬೇಡ ಕಣೇ" ಅಂದೆ.

ಈಗ ಹಸುವಿನ ವಿಷಯಕ್ಕೆ ಬರುತ್ತೇನೆ. ನಮ್ಮ ಎರಡು ಹಸುಗಳಲ್ಲಿ ಒಂದನ್ನು ಬ್ಯಾಂಕ್ ಸಾಲದಲ್ಲಿ ಕೊಂಡದ್ದು. ಸಾಲ ಬೇಕಾದರೆ ಹಸುವಿಗೆ ವಿಮೆ ಕಡ್ಡಾಯ ಅಂತ ಬ್ಯಾಂಕಿನವರು ಹೇಳಿದ್ದರು. ಅವರ ಮುಂದೆ ನಾನು ತಾಸೀಲ್ದಾರರ ಸುದ್ದಿ ಎತ್ತಲಿಲ್ಲ, ತೋರಿಸಿದ ಜಾಗದಲ್ಲಿ ಸುಮ್ಮನೆ ಸೈನ್ ಹಾಕಿದ್ದೆ. ಪಶು ಡಾಕ್ಟ್ರು ಬಂದು ಹಸುವಿನ ಕಿವಿಗೆ ನಂಬರ್ ಇರುವ ಹಳದಿ ಓಲೆ ಚುಚ್ಚಿ ಹೋಗಿದ್ದರು. ಆ ಓಲೆ ಇಲ್ಲದೆ ಹಸು ಸತ್ತರೆ ವಿಮೆ ಇಲ್ಲ.

ದೀಪಾವಳಿ ಕಳೆದ ಮೇಲೆ ಒಂದು ದಿನ ಹಸು ಗೂಟಕ್ಕೆ ಕಿವಿ ಉಜ್ಜಿಕೊಂಡು ಓಲೆ ಕಿತ್ತುಹಾಕಿತು. ನಾನು ಸಗಣಿಯಲ್ಲಿ ಬಿದ್ದಿದ್ದ ಓಲೆ ಹುಡುಕಿ ತೊಳೆದು, ಸೆರಗಿಗೆ ಕಟ್ಟಿಕೊಂಡು, ಹೊತ್ತೇರುವ ಮೊದಲೇ ಗುಬ್ಬಿಗೆ ಹೊರಟೆ. ಸೊಸೆ ಬಾಗಿಲಿಗೆ ಬಂದಳು.

"ಅತ್ತೆ, ನಾನೂ ಬರ್ಲಾ? ಡಾಕ್ಟ್ರಮ್ಮನ್ನ ಕಂಡು ಬರ್ತೀನಿ. ಹೊಟ್ಟೆ ನೋವು, ನಿಲ್ತಿಲ್ಲ."

"ಇಬ್ರೂ ಹೋದ್ರೆ ಹಸು ನೋಡೋರ್ಯಾರು? ಜೀರಿಗೆ ಕಷಾಯ ಮಾಡ್ಕೊಂಡು ಕುಡಿ, ಹೋಗ್ತದೆ."

ಪಶು ಆಸ್ಪತ್ರೆ ಮುಂದೆ ಮಧ್ಯಾಹ್ನದ ತನಕ ಕೂತೆ. ಡಾಕ್ಟ್ರನ್ನು ಬಿಡದೆ ಊರಿಗೆ ಕರೆತಂದು, ಹೊಸ ಓಲೆ ಹಾಕಿಸಿ, ಹೊಸ ನಂಬರನ್ನು ಕಾಗದದಲ್ಲಿ ಬರೆಸಿ, ಆ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟ ಮೇಲೇ ನಾನು ಊಟಕ್ಕೆ ಕೂತದ್ದು. ಮುಖ್ಯವಾದ ಕಾಗದಗಳಿಗೆ ಅಂತ ಒಂದು ಕವರು ಇಟ್ಟಿದ್ದೇನೆ. ಸೊಸೆ ಬಡಿಸಿದಳು. ಕಷಾಯ ಕುಡಿದೆಯಾ ಅಂತ ನಾನು ಕೇಳಲಿಲ್ಲ.

ಸಂಕ್ರಾಂತಿ ಆಗಿ ಎರಡು ವಾರಕ್ಕೆ ಅವಳು ಬಿದ್ದಳು. ಬೆಳಗಿನ ಹಾಲು ಕರೆಯುವ ಹೊತ್ತು. ಬಕೆಟ್ಟು ಉರುಳಿದ ಸದ್ದಿಗೆ ಕೊಟ್ಟಿಗೆಗೆ ಓಡಿದೆ. ಹಸು ಕದಲದೆ ನಿಂತಿತ್ತು. ಅದರ ಕಾಲ ಹತ್ತಿರ ಇವಳು ಮಗ್ಗುಲಾಗಿ ಬಿದ್ದಿದ್ದಳು, ಮುಖ ಸುಣ್ಣದ ಗೋಡೆಯ ಹಾಗೆ. ಎತ್ತಿ ಕೂರಿಸಲು ಹೋದಾಗ ಚೆಲ್ಲಿದ ಹಾಲಿನಲ್ಲಿ ಕೆಂಪು ಕಾಣಿಸಿತು. ಅವಳ ನೈಟಿಯೆಲ್ಲ ನೆನೆದಿತ್ತು. ನೆನೆದದ್ದು ಹಾಲಿನಲ್ಲಲ್ಲ.

ಪಕ್ಕದ ಮನೆಯವರ ಕಾರಿನಲ್ಲಿ ತುಮಕೂರಿಗೆ ಕರೆದುಕೊಂಡು ಹೋದೆವು. ಮಗ ಬೈಕಿನಲ್ಲಿ ಮುಂದೆ. ಹೊರಡುವ ಗಡಿಬಿಡಿಯಲ್ಲೂ ನಾನು ಆ ಪ್ಲಾಸ್ಟಿಕ್ ಕವರು ಮರೆತಿರಲಿಲ್ಲ. ಆಸ್ಪತ್ರೆಯಲ್ಲಿ ಅವಳನ್ನು ತಳ್ಳುವ ಮಂಚದಲ್ಲಿ ಒಳಗೆ ಕರೆದುಕೊಂಡು ಹೋದರು. ಮಗ ಅವಳ ಹಿಂದೆ ಹೋದ. ಕೌಂಟರಿನ ಹುಡುಗಿ ನನ್ನನ್ನು ಕರೆದಳು.

"ಅಜ್ಜಿ, ಇನ್ಶೂರೆನ್ಸ್ ಇದೆಯಾ?"

"ಐತೆ ಕಣಮ್ಮ" ಅಂದೆ. ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ, ನಮ್ಮ ಮನೆಯಲ್ಲಿ ಇನ್ಶೂರೆನ್ಸ್ ಅನ್ನುವುದು ಒಂದಿದೆ, ಅದರ ಕಾಗದ ಕವರಿನಲ್ಲಿದೆ. ನಾನು ನಾಲ್ಕನೇ ಕ್ಲಾಸು ಓದಿದವಳು, ಕನ್ನಡ ನಿಧಾನಕ್ಕೆ ಓದುತ್ತೇನೆ. ಆ ಕಾಗದ ಪೂರ್ತಿ ಇಂಗ್ಲಿಷು. ಸೀಲು ಇತ್ತು, ನನ್ನ ಫೋಟೋ ಅಂಟಿಸಿತ್ತು. ತೆಗೆದು ಕೊಟ್ಟೆ. ಹುಡುಗಿ ಮೇಲಿಂದ ಕೆಳಗೆ ಓದಿದಳು, ನನ್ನ ಮುಖ ನೋಡಿದಳು, ಮತ್ತೆ ಓದಿದಳು.

"ಅಜ್ಜಿ, ಇದು ಹಸುದು."

ಹಿಂದೆ ನಿಂತಿದ್ದ ಯಾರೋ ನಕ್ಕರು. ಹುಡುಗಿ ನಗಲಿಲ್ಲ. "ಬೇರೆ ಇದ್ರೆ ನೋಡಿ" ಅಂದಳು. ಇನ್ನೊಂದು ತೆಗೆದೆ. ಅದು ಮಗನ ಬೈಕಿಂದು. ಪೊಲೀಸರು ರೋಡಿನಲ್ಲಿ ಹಿಡಿದು ಕೇಳುತ್ತಾರಲ್ಲ, ಅದಕ್ಕೆ ಅವನು ವರ್ಷವರ್ಷ ತಪ್ಪದೆ ಕಟ್ಟುತ್ತಾನೆ. ಕವರಿನಲ್ಲಿ ಇನ್ನೇನೂ ಇರಲಿಲ್ಲ. ಖಾಲಿ ಕವರು ಹಿಡಿದು ಆ ಕೌಂಟರಿನ ಮುಂದೆ ನಿಂತೆ. ಹಸುವನ್ನು ಬ್ಯಾಂಕಿನವನು ಬಿಡಲಿಲ್ಲ, ಬೈಕನ್ನು ಪೊಲೀಸಿನವನು ಬಿಡಲಿಲ್ಲ. ಸೊಸೆಯನ್ನು ಮಾತ್ರ ನಮ್ಮಿಷ್ಟಕ್ಕೆ ಬಿಟ್ಟಿದ್ದರು.

ಗರ್ಭಕೋಶದಲ್ಲಿ ಗಡ್ಡೆ. ತಿಂಗಳಾನುಗಟ್ಟಲೆ ರಕ್ತ ಹೋಗಿ ಹೋಗಿ, ಮೈಯಲ್ಲಿ ಇರಬೇಕಾದ್ದರ ಅರ್ಧವೂ ಉಳಿದಿರಲಿಲ್ಲ. "ಈ ಸ್ಥಿತೀಲಿ ಕತ್ತಿ ಮುಟ್ಟಿಸೋಕಾಗಲ್ಲ. ಮೊದ್ಲು ರಕ್ತ ಏರ್ಲಿ. ಅಲ್ಲೀತನಕ ಏನಾದ್ರೂ ಆದ್ರೆ ನಾನು ಹೇಳೋಕಾಗಲ್ಲ" ಅಂದರು ಡಾಕ್ಟ್ರಮ್ಮ. ಮಾತಾಡುವಾಗ ಅವರು ನೋಡುತ್ತಿದ್ದದ್ದು ನನ್ನನ್ನು. "ಇಷ್ಟು ದಿನ ಮನೇಲಿ ಯಾರೂ ನೋಡ್ಲಿಲ್ವಾ?" ಅಂದರು. ಜೀರಿಗೆ ಕಷಾಯದ ಮಾತು ನನ್ನ ಬಾಯಿಗೆ ಬರಲಿಲ್ಲ.

ಮಗನೂ ಅವನ ಶೆಡ್ಡಿನ ಮೂವರೂ ರಕ್ತ ಕೊಟ್ಟರು. ಆಪರೇಷನ್ನಿಗೆ ದುಡ್ಡು ಹೇಗೆ ಹೊಂದಿಸಿದೆವು ಅನ್ನುವುದು ಇಲ್ಲಿ ಬೇಡ. ಹೊಂದಿಸಿದೆವು. ರಕ್ತ ಏರಿಸಿದ ಆ ಐದು ದಿನ ನಾನು ವಾರ್ಡಿನಲ್ಲೇ ಇದ್ದೆ, ಹಸುಗಳನ್ನು ಪಕ್ಕದ ಮನೆಯವರು ನೋಡಿಕೊಂಡರು. ಮೂರನೇ ದಿನ ಕುಣಿಗಲ್ಲಿಂದ ನನ್ನ ತಂಗಿ ಬಸ್ಸಿನಲ್ಲಿ ಬಂದಳು, ನೋಯುವ ಮಂಡಿ ಎಳೆದುಕೊಂಡು. ಕೂತವಳೇ ಕೇಳಿದಳು.

"ಕಾರ್ಡ್ ಮಾಡ್ಸಿಲ್ವಂತೆ?"

"ನಿನ್ ಮಂಡಿಗೆ ಅದು ಏನ್ ಕಿಸೀತು?"

"ನನ್ ಮಂಡಿ ಲಿಸ್ಟಲ್ಲಿರ್ಲಿಲ್ಲ, ಸರಿ. ನಮ್ ಯಜಮಾನ್ರ ಹಾರ್ಟ್ ಇತ್ತಲ್ಲಕ್ಕ? ಅದೇ ಕಾರ್ಡಲ್ಲಿ ತಾನೆ ಅವ್ರು ಬದುಕಿದ್ದು? ಆಗ ಆಸ್ಪತ್ರೇಲಿ ನನ್ ಜೊತೆ ಎರಡು ದಿನ ಕೂತಿದ್ದೋಳು ನೀನೇ ಅಲ್ವಾ?"

ನಾನು ಹಿಂದೆ ಹೇಳಿದ ಉಳಿದರ್ಧ ಕಥೆ ಇದೇ.

"ನಿಮ್ಮೂರ್ ಮೀಟಿಂಗಲ್ಲಿ ನಾನು ಹಂಚು ಕೆರೀತಿದೀನಿ ಅಂತ ಹೇಳಿದ್ಯಂತೆ," ಅಂದಳು ತಂಗಿ. "ಅಲ್ಲಿಂದ ನಮ್ಮೂರ ತನಕ ಬಂದೈತೆ ಆ ಮಾತು. ನಕ್ಕೊಳ್ಲಿ ಬುಡು. ಆದ್ರೆ ಹಾರ್ಟಿನ ವಿಷ್ಯ ಯಾಕ್ ನುಂಗ್ಕೊಂಡೆ?"

ನಾನು ಅವಳು ತಂದಿದ್ದ ಕಿತ್ತಳೆ ಸುಲಿಯುತ್ತಾ ಕೂತೆ.

ಆರನೇ ದಿನ ಆಪರೇಷನ್. ಒಳಗೆ ಕರೆದುಕೊಂಡು ಹೋಗುವ ಮೊದಲು ನರ್ಸಮ್ಮ ಮೈಮೇಲಿನದನ್ನೆಲ್ಲ ಬಿಚ್ಚಿ ಕೊಡಿ ಅಂದಳು. ಸೊಸೆಯ ಒಂದು ಕೈಗೆ ಡ್ರಿಪ್ ಚುಚ್ಚಿದ್ದರು, ಅವಳಿಗೆ ತಿರುಪು ಬಿಚ್ಚಲಾಗಲಿಲ್ಲ. ನಾನೇ ಅವಳ ಕಿವಿಯ ಓಲೆ ಬಿಚ್ಚಿದೆ. ಮದುವೆಯಲ್ಲಿ ನಾವು ಇಟ್ಟದ್ದು. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು, ನಗು ಬಂದವಳ ಹಾಗೆ ತುಟಿ ಅಲುಗಿತು.

"ಹಸುಗೆ ಹಾಕ್ಸಿದ್ರಿ ಅತ್ತೆ, ನಂದು ಬಿಚ್ತಾ ಇದೀರ" ಅಂದಳು.

ಚುಚ್ಚಬೇಕು ಅಂತ ಆಡಿದ ಮಾತೋ ತಮಾಷೆಗೆ ಆಡಿದ್ದೋ ಇವತ್ತಿಗೂ ನಾನು ಕೇಳಿಲ್ಲ. ಅವಳನ್ನು ಒಳಗೆ ತಳ್ಳಿಕೊಂಡು ಹೋದರು. ಮೂರು ಗಂಟೆ ಹೊತ್ತು ಆ ಎರಡು ಓಲೆ ನನ್ನ ಮುಷ್ಟಿಯಲ್ಲಿದ್ದವು. ಬಿಚ್ಚಿ ನೋಡಿದಾಗ ಅಂಗೈಯಲ್ಲಿ ತಿರುಪಿನ ಗುರುತು ಮೂಡಿತ್ತು.

ಆಪರೇಷನ್ ಸರಿಯಾಗಿ ಆಯಿತು. ಮಾರನೆಯ ದಿನ ಸಂಜೆ ಅವಳು ಗಂಜಿ ಕುಡಿದಳು. ಮಗ ಔಷಧಿ ತರಲು ಕೆಳಗೆ ಹೋಗಿದ್ದ, ನಮ್ಮ ಜೊತೆಗೇ ಉಳಿದಿದ್ದ ತಂಗಿ ಹೊರಗೆ ವರಾಂಡದಲ್ಲಿ ಮಲಗಿದ್ದಳು. ನಾನು ಕೇಳಬೇಕಾದ್ದನ್ನು ಆಗ ಕೇಳಿದೆ.

"ಯಾವಾಗಿಂದ ಇತ್ತೇ ಇದು?"

"ಡೈರಿ ಮೀಟಿಂಗಿಗೂ ಮೊದ್ಲಿಂದ."

"ಬಾಯಿ ಇರ್ಲಿಲ್ವಾ ನಿಂಗೆ? ನಿನ್ ಗಂಡಂಗಾದ್ರೂ ಹೇಳೋದಲ್ವಾ?"

"ಅವ್ರಿಗೆ ಹೇಳಿದ್ರೆ ಅವ್ರು ನಿಮ್ಮನ್ನ ಕೇಳ್ತಿದ್ರು." ಗಂಜಿ ಲೋಟ ನನ್ನ ಕೈಗೆ ಕೊಟ್ಟು ಹೇಳಿದಳು. "ಎಲ್ಲಾರ್ಗೂ ಕಾರ್ಡ್ ಮಾಡ್ತಾರಂತೆ, ಕಡ್ಡಾಯ ಅಂತೆ ಅಂತ ಸೆಕ್ರೆಟ್ರಿ ಹೆಂಡ್ತಿ ಹೇಳಿದ್ಳು. ಆಗ್ಲಿ, ಆದ್ಮೇಲೆ ತೋರ್ಸ್ಕೊಳಾಣ ಅಂತ ಸುಮ್ನಿದ್ದೆ. ಕಡ್ಡಾಯ ಆಗಿದ್ರೆ ಯಾರ್ನೂ ಕೇಳೋ ಹಂಗಿರ್ಲಿಲ್ಲ ಅಲ್ವಾ ಅತ್ತೆ? ನೀವು ಎದ್ದು ನಿಂತ್ರಿ. ನಾನೂ ಹಿಂದಿನ ಸಾಲಲ್ಲೇ ಕೂತಿದ್ದೆ. ಎಲ್ಲಾರ್ ಜೊತೆ ನಗ್ಬೇಕಾಯ್ತು."

ಅವಳು ಅಳಲಿಲ್ಲ. ನಾನೂ ಅಳಲಿಲ್ಲ. ಅತ್ತರೆ ಅವಳೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತಿತ್ತು. ಹೊಟ್ಟೆಯಲ್ಲಿ ಹೊಲಿಗೆ ಇರುವವಳಿಗೆ ಆ ಕೆಲಸವೂ ಯಾಕೆ?

ಮಂಚದ ಪಕ್ಕ ಕೂತು ಯೋಚನೆ ಮಾಡಿದೆ. ನಾನು ಆವತ್ತು ಬಲವಂತ ಬೇಡ ಅಂದೆನಲ್ಲ, ಯಾರ ಮೇಲಿನ ಬಲವಂತ ಅದು? ನನ್ನ ಮೇಲಿನದು. ಪಾಸ್‌ಬುಕ್ಕು ಕೈಯಲ್ಲಿ ಇರುವವರ ಮೇಲಿನದು. ನಮ್ಮಿಷ್ಟಕ್ಕೆ ಬಿಡಿ ಅಂತ ನಾವು ಕೇಳಿದಾಗ, ನಮ್ಮ ಮನೆಯೊಳಗೆ ಇಷ್ಟವನ್ನು ಬಾಯಿಬಿಟ್ಟು ಹೇಳಲಾರದವರು ಎಷ್ಟು ಜನ ಇದ್ದಾರೆ ಅಂತ ಯಾರೂ ಎಣಿಸಲಿಲ್ಲ. ಆ ಹಿಂದಿನ ಸಾಲಿನಲ್ಲಿ ಇನ್ನೆಷ್ಟು ಹೆಂಗಸರು ನೋವು ನುಂಗಿಕೊಂಡು ನಕ್ಕರೋ ನನಗೆ ಗೊತ್ತಿಲ್ಲ. ಡೈರಿ ಸಂಘದವರು ಅಷ್ಟೇ ಅಲ್ಲ, ಸರ್ಕಾರವೇ ಕಾನೂನು ಮಾಡಿ ಎಲ್ಲರಿಗೂ ಕಡ್ಡಾಯ ಅನ್ನಬೇಕು. ಕಟ್ಟಲಾರದವರು ಇದ್ದಾರೆ, ಒಂದೇ ಹಸು ಕಟ್ಟಿಕೊಂಡು ಬದುಕುವ ಒಂಟಿ ಹೆಂಗಸು ನಮ್ಮ ಬೀದಿಯಲ್ಲೇ ಇದ್ದಾಳೆ. ಅಂಥವರದ್ದನ್ನು ಸರ್ಕಾರವೇ ಕಟ್ಟಲಿ. ಲಿಸ್ಟಿಗೆ ನನ್ನ ತಂಗಿಯ ಮಂಡಿಯನ್ನೂ ಸೇರಿಸಲಿ. ದುಡ್ಡು ಹಿಡಿದು ಆಸ್ಪತ್ರೆ ಬಾಗಿಲಲ್ಲಿ ಇಲ್ಲ ಅಂದರೆ ಆಗ ಜಗಳಕ್ಕೆ ನಾನೇ ಮೊದಲು ಹೋಗುತ್ತೇನೆ. ಆದರೆ ಬೇಕಾ ಬೇಡವಾ ಅಂತ ನನ್ನಂಥವಳನ್ನು ಕೇಳುವುದು ಬೇಡ. ಕೇಳಿದ್ದಕ್ಕೆ ಏನಾಯಿತು ಅಂತ ನೋಡಿಯಾಯಿತಲ್ಲ.

ಮಾರನೆಯ ಬೆಳಿಗ್ಗೆ ಸೊಸೆಯ ಹತ್ತಿರ ತಂಗಿಯನ್ನು ಕೂರಿಸಿ ಮೊದಲ ಬಸ್ಸಿಗೆ ಊರಿಗೆ ಬಂದೆ. ಮನೆಗೆ ಹೋಗಲಿಲ್ಲ. ನೆಟ್ಟಗೆ ಡೈರಿಗೆ ಹೋದೆ. ಹಾಲು ಹಾಕುವವರು ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ಸೆಕ್ರೆಟ್ರಿ ಹಾಲು ಅಳೆಯುತ್ತಿದ್ದ.

"ಆ ಮೀಟಿಂಗ್ ಮತ್ತೆ ಕರಿಯೋಕೆ ಏನ್ ಬೇಕ್ಲಾ?"

"ಯಾವ್ದಜ್ಜಿ?"

"ಕಾರ್ಡಿಂದು. ಕಡ್ಡಾಯದ್ದು."

ಅವನು ಅಳತೆ ನಿಲ್ಲಿಸಿ ನನ್ನನ್ನು ನೋಡಿದ. "ಮೆಂಬರ್ಗಳು ಸೈನ್ ಹಾಕಿ ಅರ್ಜಿ ಕೊಡ್ಬೇಕು."

"ಬರಿ ಹಂಗಾದ್ರೆ."

ಅವನು ಬರೆದ. ನಾನು ಕೂಡಿಸಿ ಕೂಡಿಸಿ ಓದಿ, ಮೊದಲನೆಯ ಸೈನು ಹಾಕಿದೆ. ಆಮೇಲೆ ಹಾಳೆ ಹಿಡಿದು ಡೈರಿ ಬಾಗಿಲಿಗೆ ಅಡ್ಡ ಒಂದು ಕುರ್ಚಿ ಹಾಕಿಕೊಂಡು ಕೂತೆ. ಸಾಲಿನಲ್ಲಿದ್ದ ಒಬ್ಬ, ಆವತ್ತು ಎಲ್ಲರಿಗಿಂತ ಜೋರಾಗಿ ನಕ್ಕವನು, ಕೇಳಿದ:

"ಏನಜ್ಜಿ, ಕುಣಿಗಲ್ಲಲ್ಲಿ ಹಂಚು ಕೆರಿಯೋದು ನಿಂತೋಯ್ತಾ?"

"ಇಲ್ಲ ಕಣಪ್ಪ, ಕೆರೀತಾನೇ ಅವ್ಳೆ. ಆ ಹಂಚಿನ ರೊಟ್ಟಿ ಅವಳ ಗಂಡ ಕೂತು ತಿಂತಾವ್ರೆ. ಅವ್ರ ಹಾರ್ಟ್ ಆಪರೇಷನ್ ಅದೇ ಕಾರ್ಡಲ್ಲೇ ಆಗಿದ್ದು. ಆವತ್ತು ಅದನ್ನ ನಾನು ಮುಚ್ಚಿಟ್ಟೆ. ನನ್ ಸೊಸೆ ಆಸ್ಪತ್ರೇಲವ್ಳೆ. ಹಾಕು ಸೈನು."

"ಇದು ಬಲವಂತನಾ?"

"ಸೈನು ನಿನ್ನಿಷ್ಟ. ಆದ್ರೆ ಕೇಳ್ದೆ ನಿನ್ನ ಒಳಕ್ಕೆ ಬಿಡಲ್ಲ. ಮನೇಲಿ ಹೆಂಡ್ತಿನ ಕೇಳಿ ಬಂದು ಹಾಕ್ತೀನಿ ಅಂದ್ರೆ ಹೋಗ್ಬಾ, ಕಾಯ್ತೀನಿ."

ಅವನು ಹಾಕಿದ. ಅವನ ಹಿಂದಿನವಳು ಕ್ಯಾನು ಕೆಳಗಿಟ್ಟು, ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ಹಾಲು ಹಾಕಿ ಮುಗಿಯುವ ಹೊತ್ತಿಗೆ ಹಾಳೆಯ ಒಂದು ಮಗ್ಗುಲು ತುಂಬಿ, ಹಿಂದಿನ ಮಗ್ಗುಲೂ ಅರ್ಧ ಆಗಿತ್ತು. ಐದಾರು ಜನ ಹಾಕಲಿಲ್ಲ. ಅವರ ಮನೆಗಳು ಯಾವುವು ಅಂತ ನನಗೆ ಗೊತ್ತು, ಅಲ್ಲಿಗೂ ಹೋಗುತ್ತೇನೆ.

ಕೊನೆಗೆ ನನ್ನ ಪಾಸ್‌ಬುಕ್ಕು ಸೆಕ್ರೆಟ್ರಿಯ ಮೇಜಿನ ಮೇಲೆ ಇಟ್ಟು, ಮೆಂಬರ್ ಹೆಸರು ಸೊಸೆಗೆ ಬದಲಾಯಿಸುವ ಫಾರ್ಮು ಕೊಡು ಅಂದೆ. ನನ್ನ ಸೈನು ಬೇಕಾದ ಕಡೆ ಅಲ್ಲೇ ಹಾಕಿದೆ. ಅವಳು ಹಾಕಬೇಕಾದ ಜಾಗಕ್ಕೆ ಅವನು ಪೆನ್ಸಿಲ್ಲಿನಲ್ಲಿ ಗುರುತು ಮಾಡಿಕೊಟ್ಟ. ಫಾರ್ಮನ್ನು ಕವರಿನಲ್ಲಿ ಹಾಕಿಕೊಂಡು, ಮನೆಗೆ ಹೋಗಿ ಹಸುಗಳಿಗೆ ಹುಲ್ಲು ಹಾಕಿ, ಹತ್ತು ಗಂಟೆ ಬಸ್ಸಿಗೆ ತುಮಕೂರಿಗೆ ಹೊರಟೆ.